ಪೆಟ್ಟಿಗೆ ಮೇಷ್ಟ್ರ ಹತ್ತಿ ಕೋಣೆ

ಯಾರ ಮನೆಗೆ ಹೋದರೂ ಅವರು ಚಪ್ಪಲಿ ಬಿಟ್ಟು ಒಳಗೆ ಬಂದವರೇ ಒಂದು ಸಲ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ತಲೆಯನ್ನು ಸ್ವಲ್ಪ ಓರೆ ಮಾಡಿ, ಆ ಸದ್ದು ಯಾವ ಗೋಡೆಗೆ ಬಡಿದು ಹೇಗೆ ಹಿಂದಕ್ಕೆ ಬಂತು ಎಂದು ಕೇಳಿಸಿಕೊಳ್ಳುತ್ತ ನಿಲ್ಲುತ್ತಿದ್ದರು. ಗೊತ್ತಿಲ್ಲದವರಿಗೆ ಗಾಬರಿ. ನನ್ನ ಕಿರಿಮಗಳ ಮದುವೆಗೆ ಛತ್ರ ನೋಡಲು ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ. ಛತ್ರದ ಮ್ಯಾನೇಜರು ಊಟದ ಹಾಲ್, ಪಾರ್ಕಿಂಗು ಎಂದು ವಿವರಿಸುತ್ತಿದ್ದರೆ ಇವರು ನಟ್ಟನಡುವೆ ನಿಂತು ಚಪ್ಪಾಳೆ ತಟ್ಟಿ, "ಇಲ್ಲಿ ಮಂತ್ರ ಹೇಳಿದ್ರೆ ದೇವರಿಗೂ ಅರ್ಥ ಆಗಲ್ಲ ಮಾರಾಯ್ರೆ, ಬರೀ ಗದ್ದಲ" ಎಂದುಬಿಟ್ಟರು. ಮ್ಯಾನೇಜರ ಮುಖ ಹುಳ್ಳಗಾಯಿತು. ಬೇರೆ ಛತ್ರ ಸಿಗದೆ ಅದನ್ನೇ ಹಿಡಿದೆವು. ಮದುವೆಯ ದಿನ ಪಕ್ಕದಲ್ಲಿ ನಿಂತ ಬೀಗರ ಮಾತು ಕೂಡ ನನಗೆ ಸರಿಯಾಗಿ ಕೇಳಿಸಲಿಲ್ಲ.

ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಊರಲ್ಲಿ ಹೆಸರು ಹಿಡಿದು ಅವರನ್ನು ಕರೆದವರೂ ಇರಲಿಲ್ಲ. ಎಲ್ಲರಿಗೂ ಅವರು ಪೆಟ್ಟಿಗೆ ಮೇಷ್ಟ್ರು. ಪೆಟ್ಟಿಗೆ ಎಂದರೆ ಹಾರ್ಮೋನಿಯಂ. ಮೇಷ್ಟ್ರು ಎನ್ನುವುದು ಗೌರವಕ್ಕೆ ಸೇರಿಕೊಂಡದ್ದು. ಯಾವ ಶಾಲೆಯಲ್ಲೂ ಅವರು ಪಾಠ ಮಾಡಿದವರಲ್ಲ. ಹೊಟ್ಟೆಪಾಡಿಗೆ ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಒಣಗಿದ ಕಾಫಿ ಬೀಜದ ಸಿಪ್ಪೆ ಬಿಡಿಸುವ ಮೆಷಿನ್ನಿನ ಪಕ್ಕ ನಿಂತು ಆಯುಷ್ಯದ ಬಹುಭಾಗ ಕಳೆದವರು. ಸಂಜೆ ಮತ್ತು ಭಾನುವಾರಗಳಲ್ಲಿ ಯಾರಾದರೂ ಹಾಡುವವರ ಎಡಗಡೆ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದರು. ಮಠದ ಕಾರ್ಯಕ್ರಮ, ಗಣಪತಿ ಪೆಂಡಾಲು, ಎಸ್ಟೇಟಿನವರ ಮನೆಯ ನಾಮಕರಣ, ಎಲ್ಲ ಕಡೆಯೂ ಅವರನ್ನು ನೋಡಿದ್ದೆ. ನೋಡಿದ್ದೆ ಅಷ್ಟೆ. ಹಾರ್ಮೋನಿಯಂ ಹೇಗಿತ್ತು ಎಂದು ಯಾರಾದರೂ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಪಕ್ಕವಾದ್ಯದವರ ಪಾಡೇ ಅದು. ಅವರು ಮದುವೆಯಾಗಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಪರಿಚಯವಾದದ್ದು ಅವರು ರಿಟೈರ್ ಆದ ಮೇಲೆ. ನಮ್ಮದು ಅಪ್ಪನ ಕಾಲದ ಹಾಸಿಗೆ ಅಂಗಡಿ. ಒಂದು ಮಧ್ಯಾಹ್ನ ಬಂದವರು ಹಾಸಿಗೆಯ ಮೇಲೆ ಕೂತು ನೋಡಲಿಲ್ಲ, ಬಟ್ಟೆಯ ಬಣ್ಣ ಕೇಳಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೇ ಹಾಸಿಗೆಗಳ ಹತ್ತಿಯನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು.

"ಇದು ಗಟ್ಟಿಯಾಗಿದೆ, ಇಂಥದ್ದೇ ಬೇಕಾಗಿತ್ತು."

"ಅದು ಬಿಚ್ಚಿ ಹಾಕಿರೋ ಹತ್ತಿ ಮೇಷ್ಟ್ರೆ, ಮಲಗೋಕೆ ಆಗಲ್ಲ" ಎಂದೆ.

"ಮಲಗೋದು ನಾನಲ್ಲ ಸಾವ್ಕಾರ್ರೆ, ಸದ್ದು" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ.

ಮಲ್ಲಂದೂರು ರಸ್ತೆಯಲ್ಲಿ, ಊರು ಮುಗಿಯುವ ಕಡೆ ಅವರದ್ದೊಂದು ಚಿಕ್ಕ ಮನೆ. ಹಿಂದಿನ ಸಾಮಾನು ಕೋಣೆಯನ್ನು ಖಾಲಿ ಮಾಡಿ ರೆಕಾರ್ಡಿಂಗ್ ಕೋಣೆ ಮಾಡಲು ಹೊರಟಿದ್ದರು. ಒಂದು ಒಳ್ಳೆಯ ಮೈಕು, ಹಳೇ ಲ್ಯಾಪ್‌ಟಾಪು ಬಂದಾಗಿತ್ತು. ಮೊದಲ ಸಲ ಬಾರಿಸಿ ರೆಕಾರ್ಡ್ ಮಾಡಿ ಕೇಳಿದಾಗ ಪೆಟ್ಟಿಗೆ ಬಾವಿಯೊಳಗಿಂದ ಕೂಗಿದ ಹಾಗಿತ್ತಂತೆ. ಮೊಬೈಲಿನಲ್ಲಿ ಯಾರದೋ ವಿಡಿಯೋ ನೋಡಿ, ಅರ್ಧಂಬರ್ಧ ಅರ್ಥ ಮಾಡಿಕೊಂಡು, ಮೊಟ್ಟೆ ಅಂಗಡಿಯಿಂದ ರಟ್ಟಿನ ಟ್ರೇಗಳನ್ನು ಹೊತ್ತು ತಂದು ನಾಲ್ಕೂ ಗೋಡೆಗೆ ಅಂಟಿಸಿದ್ದರು. ಚಪ್ಪಾಳೆಯ ಕಿರ್ರೆನ್ನುವ ಸದ್ದು ಸ್ವಲ್ಪ ಕಡಿಮೆಯಾಯಿತೇ ಹೊರತು ಗುಂಯ್‌ಗುಡುವುದು ಹಾಗೇ ಉಳಿಯಿತು. ಮೇಲಾಗಿ ಜಿರಲೆಗಳು ಬಂದು ಸಂಸಾರ ಹೂಡಿದವು.

"ತೆಳ್ಳಗಿನ ಸದ್ದನ್ನ ಯಾವುದು ಬೇಕಾದ್ರೂ ಹೀರ್ಕೊಳ್ಳುತ್ತೆ. ದಪ್ಪ ಸದ್ದು ಇದೆಯಲ್ಲ, ಮಂದ್ರದ್ದು, ಅದಕ್ಕೆ ದಪ್ಪ ಹಾಸಿಗೇನೇ ಬೇಕು. ಅದು ಹೋಗಿ ಮೂಲೇಲಿ ಕೂತಿರುತ್ತೆ" ಎಂದು ಅವರು ನನಗೆ ಹೇಳಿಕೊಟ್ಟರು.

ಹೀಗೆ ನನ್ನ ಅಂಗಡಿಯ ಹತ್ತಿ ಅವರ ಗೋಡೆಗೆ ಹೋಯಿತು. ಮರದ ಚೌಕಟ್ಟು ಮಾಡಿ, ಹತ್ತಿಯನ್ನು ಒತ್ತೊತ್ತಾಗಿ ತುಂಬಿ, ಮೇಲೆ ಕಾಫಿಯ ಗೋಣಿಚೀಲ ಬಿಗಿದು ಹೊಲಿಯುವುದು. ಗೋಣಿಯಲ್ಲಿ ಗಾಳಿ ಆಡುತ್ತದೆ, ಸದ್ದು ಒಳಗೆ ಹೋಗುತ್ತದೆ. ಚೌಕಟ್ಟನ್ನು ಗೋಡೆಗೆ ತಾಗಿಸದೆ ಅಂಗೈಯಷ್ಟು ಜಾಗ ಬಿಟ್ಟು ನೇತುಹಾಕಬೇಕು. ಮೂಲೆಗಳಿಗೆ ನೆಲದಿಂದ ಸೂರಿನವರೆಗೆ ದಪ್ಪನೆಯ ದಿಂಬುಗಳು. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು, ಅವರು 'ಮೂಲೆ ದಿಂಬು' ಎನ್ನುತ್ತಿದ್ದರು. ನಾನೂ ಭಾನುವಾರಗಳಂದು ಸೂಜಿ ದಾರ ಹಿಡಿದು ಹೋಗುತ್ತಿದ್ದೆ. ಅಂಗಡಿ ನೋಡಿಕೊಳ್ಳಲು ಹಿರಿಯ ಅಳಿಯ ಬಂದ ಮೇಲೆ ನನಗೂ ಹೊತ್ತು ಹೋಗದ ದಿನಗಳು ಶುರುವಾಗಿದ್ದವು.

ಒಂದು ದಿನ ನನ್ನ ಕೈಗೆ ಕನ್ನಡಿ ಕೊಟ್ಟು ಗೋಡೆಯುದ್ದಕ್ಕೂ ಸರಿಸುತ್ತ ಹೋಗಿ ಎಂದರು. ತಾವು ಪೆಟ್ಟಿಗೆಯ ಮುಂದೆ ಕೂತು, "ಇನ್ನೂ ಮುಂದೆ, ಇನ್ನೂ... ಹಾಂ, ಅಲ್ಲೇ! ಮೈಕು ಕಾಣಿಸ್ತು" ಎಂದು ಕೂಗಿದರು. ಎಲ್ಲಿ ಕನ್ನಡಿಯಲ್ಲಿ ಮೈಕು ಕಾಣುತ್ತದೋ ಅಲ್ಲಿಗೆ ಬಡಿದ ಸದ್ದು ನೇರವಾಗಿ ಮೈಕಿಗೆ ಬರುತ್ತದೆ, ಅಲ್ಲೊಂದು ಹಾಸಿಗೆ ತೂಗುಹಾಕಬೇಕು ಎನ್ನುವುದು ಲೆಕ್ಕ. ಕನ್ನಡಿ ಸರಿಸುತ್ತ ತಿರುಗಿ ನೋಡಿದಾಗ ಅವರ ಮುಖ ಕಂಡಿತು. ಅಷ್ಟು ಖುಷಿಯಾಗಿದ್ದ ಮುಖವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಇಷ್ಟೆಲ್ಲ ಯಾರ ಹಾಡಿಗೆ ಮೇಷ್ಟ್ರೆ?" ಎಂದು ಕೇಳಿದ್ದೆ.

"ಯಾರ ಹಾಡಿಗೂ ಅಲ್ಲ. ಬರೀ ಪೆಟ್ಟಿಗೆ, ನಾನೊಬ್ಬನೇ" ಎಂದರು.

ಅದರ ಹಿಂದೆ ಒಂದು ನೋವಿತ್ತು. ಗೋಣಿಬೀಡಿನ ಒಬ್ಬ ಟೀಚರಿಗೆ ಅವರು ವರ್ಷಗಟ್ಟಲೆ ಪೆಟ್ಟಿಗೆ ಬಾರಿಸಿದ್ದರು. ವಚನ ಹಾಡುವುದರಲ್ಲಿ ನಮ್ಮ ಕಡೆ ಹೆಸರಾದ ಹೆಂಗಸು, ಗಂಡ ತೀರಿಕೊಂಡ ಮೇಲೂ ಹಾಡು ಬಿಡದವರು. ಇದ್ದಕ್ಕಿದ್ದ ಹಾಗೆ ಅವರು ಮೇಷ್ಟ್ರನ್ನು ಕರೆಯುವುದು ನಿಲ್ಲಿಸಿ ಕೀಬೋರ್ಡಿನವನೊಬ್ಬನನ್ನು ಇಟ್ಟುಕೊಂಡರು. ಜಗಳವಿಲ್ಲ, ಮಾತಿಲ್ಲ, ಕಾರಣವೂ ಇಲ್ಲ. ಮೇಷ್ಟ್ರು ಇದನ್ನು ಹೇಳುವಾಗ ಟೀಚರನ್ನು ಬೈಯಲಿಲ್ಲ. "ಅವರಿಗೆ ಏನು ತೊಂದರೆಯೋ" ಎಂದಷ್ಟೇ ಹೇಳಿ, ಹೊಲಿಯುತ್ತಿದ್ದ ಗೋಣಿಯ ಎಳೆಯನ್ನು ಹಲ್ಲಲ್ಲಿ ಕಡಿದರು.

ಮೊದಲ ಮಳೆಗಾಲ ಕೋಣೆಯನ್ನು ಹಾಳು ಮಾಡಿತು. ಗೋಣಿಗೆಲ್ಲ ಹಸಿರು ಬೂಷ್ಟು. ಬಾಗಿಲು ತೆಗೆದರೆ ಒದ್ದೆ ನಾಯಿಯ ವಾಸನೆ. ತಾರಸಿಯ ಮೇಲೆ ಹೊದಿಸಿದ ತಗಡಿನ ಸದ್ದಿಗೆ ರೆಕಾರ್ಡಿಂಗಿನ ಮಾತೇ ಇಲ್ಲ. "ನಮ್ಮೂರಲ್ಲಿ ಅರ್ಧ ವರ್ಷ ಮಳೆ ಹಾಡುತ್ತೆ, ಇನ್ನರ್ಧ ಜೀರುಂಡೆ. ನಮ್ಮ ಸರದಿ ಯಾವಾಗ?" ಎಂದು ಗೊಣಗುತ್ತಲೇ ಎಲ್ಲ ಬಿಚ್ಚಿ ಬಿಸಿಲಿಗೆ ಹಾಕಿದರು. ಮತ್ತೆ ಹೊಲಿದೆವು. ಕಿಟಕಿಯನ್ನು ಹಲಗೆಯಿಂದ ಮುಚ್ಚಿ, ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಹೊಡೆದರು. ಹಿಂದಿನ ಗೋಡೆಗೆ ಸಿಲ್ವರ್ ಓಕಿನ ತುಂಡುಗಳನ್ನು ಉದ್ದ ಗಿಡ್ಡವಾಗಿ ಜೋಡಿಸಿದರು. ಪೂರಾ ಹತ್ತಿಯೇ ಆದರೆ ಕೋಣೆ ಸತ್ತುಹೋಗುತ್ತದೆ, ಸ್ವಲ್ಪ ಸದ್ದು ಚದುರಿ ಓಡಾಡಬೇಕು ಎಂದು. ಒಂದು ಮಧ್ಯಾಹ್ನ ಕೊನೆಯ ಚೌಕಟ್ಟು ತೂಗುಹಾಕಿ ಬಾಗಿಲು ಹಾಕಿದರು. ಚಪ್ಪಾಳೆ ತಟ್ಟಿದರು. ಸದ್ದು ಅಂಗೈಯಲ್ಲೇ ಹುಟ್ಟಿ ಅಂಗೈಯಲ್ಲೇ ಮುಗಿಯಿತು.

"ಆಯ್ತು" ಎಂದು ಅವರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಾಯಿತು.

"ಎಂತದೋ ಸಿಳ್ಳೆ ಕೇಳ್ತಿದೆ. ನಿಮಗೆ ಕೇಳ್ತಿದ್ಯಾ?"

ನನಗೇನೂ ಕೇಳಿಸಲಿಲ್ಲ. ನನ್ನ ಉಗುಳು ನುಂಗಿದ ಸದ್ದು ಮಾತ್ರ ಕೇಳಿಸಿತು. ಹಾಗೇ ಹೇಳಿದೆ.

ಅಂದಿನಿಂದ ಅವರು ಆ ಸಿಳ್ಳೆಯನ್ನು ಹುಡುಕಲು ಶುರುಮಾಡಿದರು. ಫ್ರಿಜ್ ಆರಿಸಿದರು. ಮೇನ್ ಸ್ವಿಚ್ ಇಳಿಸಿದರು. ರಸ್ತೆಯ ಟ್ರಾನ್ಸ್‌ಫಾರ್ಮರಿನ ಮೇಲೆ ಅನುಮಾನಪಟ್ಟರು. ಇಡೀ ಬಡಾವಣೆಯ ಕರೆಂಟು ಹೋದ ದಿನ ಓಡಿಹೋಗಿ ಕೋಣೆಯಲ್ಲಿ ಕೂತರೆ ಸಿಳ್ಳೆ ಇನ್ನೂ ಜೋರಾಗಿತ್ತಂತೆ. ಹತ್ತಿಯೊಳಗೆ ಯಾವುದೋ ಹುಳ ಸೇರಿದೆ ಎಂದು ನಾಲ್ಕಾರು ಚೌಕಟ್ಟು ಬಿಚ್ಚಿ ಹತ್ತಿಯನ್ನು ಎಳೆಎಳೆಯಾಗಿ ಹಿಂಜಿದರು. ಕೋಣೆ ನಿಶ್ಶಬ್ದವಾದಷ್ಟೂ ಅದು ಜೋರಾಗುತ್ತಿತ್ತು. ಕೊನೆಗೆ ಅವರಿಗೇ ಒಂದು ಉಪಾಯ ಹೊಳೆಯಿತು. ಖಾಲಿ ಕೋಣೆಯಲ್ಲಿ ಮೈಕು ಇಟ್ಟು, ಅದರ ಶಕ್ತಿಯನ್ನು ಪೂರ್ತಿ ಏರಿಸಿ ರೆಕಾರ್ಡ್ ಮಾಡಿದರು. ನನ್ನನ್ನು ಕೂರಿಸಿಕೊಂಡು ಲ್ಯಾಪ್‌ಟಾಪಿನ ಪರದೆ ತೋರಿಸಿದರು. ಸಿಳ್ಳೆ ಇದ್ದಿದ್ದರೆ ಅಲ್ಲಿ ಒಂದು ಗೆರೆ ಏಳಬೇಕಿತ್ತು. ಏನೂ ಎದ್ದಿರಲಿಲ್ಲ.

"ಮೈಕಿಗೂ ಕೇಳ್ತಿಲ್ಲ, ನಿಮಗೂ ಕೇಳ್ತಿಲ್ಲ" ಎಂದರು. ಆಮೇಲೆ ಎರಡೂ ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡರು. ಕೈ ತೆಗೆದು, "ಹಾಗೇ ಇದೆ" ಎಂದರು.

ಕಿವಿ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಪರೀಕ್ಷೆ ಮುಗಿಸಿ ಡಾಕ್ಟರು, ಮೆಷಿನ್ ಪಕ್ಕದಲ್ಲಿ ಅಷ್ಟು ವರ್ಷ ನಿಂತದ್ದರಿಂದ ಮೇಲಿನ ಸ್ವರಗಳನ್ನು ಕೇಳುವ ಶಕ್ತಿ ಹೋಗಿದೆ, ಹೋದ ಜಾಗದಲ್ಲಿ ಈ ಸಿಳ್ಳೆ ಹುಟ್ಟಿದೆ, ಇದಕ್ಕೆ ವಾಸಿಯಾಗುವ ಮದ್ದಿಲ್ಲ ಎಂದು ಸಮಾಧಾನದಿಂದ ಹೇಳಿದರು. "ಪೂರ್ತಿ ನಿಶ್ಶಬ್ದ ಇರೋ ಕಡೆ ಕೂರಬೇಡಿ. ಫ್ಯಾನ್ ಹಾಕ್ಕೊಳಿ, ರೇಡಿಯೋ ಇಟ್ಕೊಳಿ. ಜನ ಇರೋ ಕಡೆ ಇರಿ" ಎಂದರು.

ಮೇಷ್ಟ್ರ ಜೊತೆ ಆಟೋದಲ್ಲಿ ವಾಪಸು ಬಂದೆ. ಮನೆಯ ಹತ್ತಿರ ಇಳಿದ ಮೇಲೆ, "ಜನ ಇರೋ ಕಡೆ ಇರಿ ಅಂದ್ರಲ್ಲ. ಎಲ್ಲಿಗೆ ಹೋಗಲಿ ಮಾರಾಯ್ರೆ?" ಎಂದರು. ಗೇಟು ತೆಗೆದು ಒಳಗೆ ಹೋಗುತ್ತ ನಿಂತು, "ಟೀಚರ್ ಯಾಕೆ ಕರೀಲಿಲ್ಲ ಅಂತ ಈಗ ಗೊತ್ತಾಯ್ತು. ನನಗೆ ಗೊತ್ತಿಲ್ಲದ ಹಾಗೆ ಏನೇನು ತಪ್ಪು ಬಾರಿಸಿದ್ನೋ" ಎಂದು ಸೇರಿಸಿದರು.

ಕೋಣೆಗೆ ಬೀಗ ಬಿತ್ತು. ಅವರು ಪಡಸಾಲೆಯಲ್ಲಿ ಫ್ಯಾನು, ರೇಡಿಯೋ ಎರಡನ್ನೂ ಹಾಕಿಕೊಂಡು ಕೂರತೊಡಗಿದರು. ಚಳಿಯಲ್ಲೂ ಫ್ಯಾನು, ಮೈತುಂಬ ಶಾಲು. ಪೆಟ್ಟಿಗೆಗೆ ಬಟ್ಟೆ ಹೊದಿಸಿ ಹತ್ತಿ ಕೋಣೆಯಲ್ಲೇ ಬಿಟ್ಟಿದ್ದರು. ಹೋದಾಗಲೆಲ್ಲ ಕಾಫಿ ಮಾಡಿಕೊಡುತ್ತಿದ್ದರು, ಮಾತು ಎರಡೇ ಎರಡು.

ನನಗೆ ತಡೆಯಲಾಗಲಿಲ್ಲ. ಗೋಣಿಬೀಡಿಗೆ ಹಾಸಿಗೆ ಕೊಟ್ಟುಬರಲು ಹೋದ ವ್ಯಾನಿನಲ್ಲೇ ಕೂತು ಟೀಚರ ಮನೆ ಹುಡುಕಿಕೊಂಡು ಹೋದೆ. ಎತ್ತರದ, ಬಿಳೀ ಕೂದಲಿನ ಹೆಂಗಸು. ಮೇಷ್ಟ್ರ ಕಿವಿಯ ವಿಷಯ ಹೇಳಿದೆ, ಅವರು ತಪ್ಪು ತಮ್ಮದೇ ಎಂದುಕೊಂಡಿರುವುದನ್ನೂ ಹೇಳಿದೆ. ಟೀಚರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದರು. ಒಳಗೆ ಹೋಗಿ ಕ್ಯಾಲೆಂಡರ್ ನೋಡಿ ಬಂದು, "ಭಾನುವಾರ ಬರ್ತೀನಿ. ಅವರಿಗೆ ಮೊದಲೇ ಹೇಳ್ಬೇಡಿ, ಎಲ್ಲಾದ್ರೂ ಎದ್ದು ಹೋಗ್ತಾರೆ" ಎಂದರು.

ಭಾನುವಾರ ಬಸ್ ಸ್ಟ್ಯಾಂಡಿನಿಂದ ಅವರನ್ನು ನಾನೇ ಕರೆದುಕೊಂಡು ಹೋದೆ. ಬಾಗಿಲಲ್ಲಿ ಟೀಚರನ್ನು ಕಂಡ ಮೇಷ್ಟ್ರು ಶಾಲು ಸರಿ ಮಾಡಿಕೊಂಡರು, ರೇಡಿಯೋ ಆರಿಸಿದರು, ಮತ್ತೆ ಹಾಕಿದರು. "ಕೋಣೆ ಕಟ್ಟಿದ್ದೀರಂತೆ, ತೋರಿಸಿ" ಎಂದು ಟೀಚರು ನೇರವಾಗಿ ಒಳಗೇ ನಡೆದರು.

ಮೇಷ್ಟ್ರು ಬೀಗ ತೆಗೆದರು. ಹತ್ತಿ ಕೋಣೆಯಲ್ಲಿ ಮೂವರೂ ಕೂತೆವು. ಟೀಚರು ಗಂಟಲು ಸರಿಮಾಡಿಕೊಂಡರು. ಆ ಸಣ್ಣ ಸದ್ದೂ ಅಲ್ಲಿ ಪಕ್ಕದಲ್ಲೇ ಆದಂತೆ ಕೇಳಿಸಿತು.

"ನಾನು ನಿಮ್ಮನ್ನ ಯಾಕೆ ಕರೀಲಿಲ್ಲ ಗೊತ್ತಾ ಮೇಷ್ಟ್ರೆ?"

"ಗೊತ್ತು. ನನ್ನ ಕೈ ತಪ್ತಿತ್ತು."

"ನಿಮ್ಮ ಕೈ ಎಲ್ಲಿ ತಪ್ಪಿತ್ತು? ನನ್ನ ಗಂಟಲು ಇಳಿದಿತ್ತು. ಮೇಲಿನ ಸ್ವರ ಮುಟ್ಟೋಕೆ ಆಗ್ತಿರಲಿಲ್ಲ. ಕೀಬೋರ್ಡಿನವನು ಬಟನ್ ಒತ್ತಿ ಶ್ರುತಿ ಇಳಿಸಿಬಿಡ್ತಾನೆ, ಅವನಿಗೆ ನನ್ನ ಹಳೇ ಗಂಟಲು ಗೊತ್ತಿಲ್ಲ. ನಿಮಗೆ ಗೊತ್ತಿತ್ತು. ನಿಮ್ಮ ಮುಂದೆ ಕೂತ್ಕೊಂಡು ಇಳಿಸಿ ಅನ್ನೋಕೆ ನಾಚಿಕೆ ಆಯ್ತು, ಅಷ್ಟೆ."

ಮೇಷ್ಟ್ರು ಪೆಟ್ಟಿಗೆಯ ಮೇಲಿನ ಬಟ್ಟೆ ತೆಗೆದರು. ಎಡಗೈ ತಿದಿಯ ಮೇಲೆ ಹೋಯಿತು. ಬಲಗೈ ಬೆರಳು ಮೊದಲು ಹಳೇ ಜಾಗದಲ್ಲಿ ಕೂತು, ನಿಧಾನವಾಗಿ ಎಡಕ್ಕೆ, ಕೆಳಗಿನ ಸ್ವರದ ಮನೆಗೆ ಸರಿಯಿತು.

"ಇಲ್ಲಿಂದ ತಗೊಳ್ತೀರಾ?" ಎಂದರು.

ಟೀಚರು ಹಾಡಿದರು. ಧ್ವನಿ ಒಡೆದಿತ್ತು, ಉಸಿರು ನಡುನಡುವೆ ಕಡಿಯುತ್ತಿತ್ತು. ಬೇರೆಲ್ಲಾದರೂ ಆಗಿದ್ದರೆ ಗೋಡೆಗಳು ಅದಕ್ಕಿಷ್ಟು ಗುಂಗು ಸೇರಿಸಿ ಮುಚ್ಚುತ್ತಿದ್ದವು. ಈ ಕೋಣೆಯಲ್ಲಿ ಅಂಥ ಸಹಾಯವಿರಲಿಲ್ಲ. ಉಸಿರು ಕಡಿದಲ್ಲೆಲ್ಲ ಪೆಟ್ಟಿಗೆ ಬಂದು ಹಿಡಿದುಕೊಂಡಿತು. ಅಷ್ಟು ವರ್ಷ ಪೆಂಡಾಲುಗಳಲ್ಲಿ ನಾನು ಕೇಳಿಸಿಕೊಳ್ಳದೆ ಬಿಟ್ಟದ್ದು ಇದನ್ನೇ ಎಂದು ನನಗೆ ಅರಿವಾಯಿತು.

ಹಾಡು ಮುಗಿದ ಮೇಲೆ ಮೇಷ್ಟ್ರು ಮೆಲ್ಲಗೆ, "ನೀವು ಹಾಡ್ತಿರೋವಾಗ ಸಿಳ್ಳೆ ಇರಲಿಲ್ಲ" ಎಂದರು.

ಆಮೇಲೆ ಟೀಚರು ಆಗಾಗ ಭಾನುವಾರ ಬರತೊಡಗಿದರು. ಹಾಡಿ ಮುಗಿಸಿದರೂ, ಟೀಚರು ಏಳದಿರಲಿ ಎಂದೋ ಏನೋ, ಮೇಷ್ಟ್ರು ರೆಕಾರ್ಡಿಂಗ್ ಆರಿಸುತ್ತಿರಲಿಲ್ಲ. ಮೈಕಿನ ಪಕ್ಕದ ಕೆಂಪು ದೀಪ ಉರಿಯುತ್ತಲೇ ಇರುತ್ತಿತ್ತು. ಟೀಚರು ಅದನ್ನು ನೋಡುತ್ತಿದ್ದರು, ನೋಡಿಯೂ ಎದ್ದೇಳುತ್ತಿರಲಿಲ್ಲ. ಮಂಡಿನೋವು, ಬಸ್ಸಿನ ಕಂಡಕ್ಟರು, ಹಿತ್ತಲಿಗೆ ಬಂದ ಕಾಡುಹಂದಿ, ತಮ್ಮ ಹಳೇ ವಿದ್ಯಾರ್ಥಿಗಳು, ಹೀಗೆ ಏನಾದರೊಂದು ಹೇಳುತ್ತ ಕೂರುತ್ತಿದ್ದರು. ಮೇಷ್ಟ್ರು ಬೆರಳನ್ನು ಷಡ್ಜದ ಮೇಲಿಟ್ಟು ಸಣ್ಣಗೆ ತಿದಿ ಒತ್ತುತ್ತಿದ್ದರು. ಕೊನೆಗೆ ಟೀಚರು, "ಬಸ್ಸು ಹೋಗುತ್ತೆ ಮೇಷ್ಟ್ರೆ" ಎನ್ನುವರು. ಇವರು, "ಅದರ ಹಿಂದೆ ಇನ್ನೊಂದಿದೆ" ಎನ್ನುವರು. ಒಮ್ಮೊಮ್ಮೆ ಆ ಇನ್ನೊಂದೂ ಹೋಗುತ್ತಿತ್ತು. ಆಗ ನಾನೇ ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟು ಬರುತ್ತಿದ್ದೆ.

ಇದು ಹೆಚ್ಚು ಕಾಲ ನಡೆಯಲಿಲ್ಲ. ಆ ಸಲದ ಮಳೆಯಲ್ಲಿ ಟೀಚರು ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆದ ಮೇಲೆ ಮಗಳು ಕಳಸಕ್ಕೆ ತನ್ನ ಮನೆಗೆ ಕರೆದುಕೊಂಡು ಹೋದಳು. ಘಾಟಿಯ ತಿರುವುಗಳಲ್ಲಿ ಬಸ್ಸಿನಲ್ಲಿ ಕೂರುವ ಸ್ಥಿತಿ ಅವರದ್ದಲ್ಲ. ಮೇಷ್ಟ್ರಿಗೆ ಫೋನಿನ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಒಂದೆರಡು ಸಲ ಇಬ್ಬರೂ "ಹಲೋ, ಹಲೋ" ಎಂದು ಕೂಗಿಕೊಂಡು, ಕೊನೆಗೆ ಅದನ್ನೂ ಬಿಟ್ಟರು.

ಒಂದು ಭಾನುವಾರ ಹೋದಾಗ ಮೇಷ್ಟ್ರು ಹತ್ತಿ ಕೋಣೆಯ ಬಾಗಿಲು ತೆಗೆದು ನಿಂತಿದ್ದರು, ಒಳಗೆ ಹೋಗಿರಲಿಲ್ಲ. ನನ್ನ ಕಡೆ ತಿರುಗಿ, "ಸ್ವಲ್ಪ ಹೊತ್ತು ಒಳಗೆ ಕೂತು ಮಾತಾಡ್ತೀರಾ?" ಎಂದರು.

"ನನಗೇನು ಹಾಡು ಬರುತ್ತೆ ಮೇಷ್ಟ್ರೆ?"

"ಹಾಡು ಯಾರು ಕೇಳಿದ್ರು? ಮಾತಾಡಿ ಸಾಕು, ಸಿಳ್ಳೆ ಅಡಗುತ್ತೆ."

ಮಾತಾಡು ಎಂದರೆ ನನಗೆ ಮಾತೇ ಬರುವುದಿಲ್ಲ. ಕೈಯಲ್ಲಿ ಅಂದಿನ ಪೇಪರಿತ್ತು. ಅದನ್ನೇ ಓದತೊಡಗಿದೆ. ಕಾಫಿ ಧಾರಣೆ, ಮೆಣಸಿನ ಧಾರಣೆ, ಯಾವ ಹೋಬಳಿಯಲ್ಲಿ ಎಷ್ಟು ಮಳೆ, ಮೂಡಿಗೆರೆ ಕಡೆ ತೋಟಕ್ಕೆ ಆನೆ ನುಗ್ಗಿದ್ದು, ಶ್ರದ್ಧಾಂಜಲಿ, ಎಲ್ಲ. ಮೇಷ್ಟ್ರು ಪೆಟ್ಟಿಗೆ ಎಳೆದುಕೊಂಡು ನನ್ನ ಧ್ವನಿಗೆ ಹೊಂದುವ ಸ್ವರ ಹುಡುಕಿ ಹಿಡಿದರು. ಆಮೇಲೆ ಅದೇ ರೂಢಿಯಾಯಿತು. ಹೊರಗಿನವರು ನೋಡಿದ್ದರೆ ಇಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು.

ಮೇಷ್ಟ್ರು ತೀರಿಹೋದದ್ದು ಭಾನುವಾರವಲ್ಲದ ಒಂದು ದಿನ, ಬೆಳಿಗ್ಗೆ. ಹಾಲು ಹಾಕುವಾಕೆ ಕರೆದರೂ ಎದ್ದು ಬರಲಿಲ್ಲವೆಂದು ಕಿಟಕಿಯಲ್ಲಿ ಇಣುಕಿದಳಂತೆ. ಪಡಸಾಲೆಯಲ್ಲಿ, ಕುರ್ಚಿಯಲ್ಲೇ. ನಾನು ಹೋಗುವ ಹೊತ್ತಿಗೂ ಫ್ಯಾನು ತಿರುಗುತ್ತಿತ್ತು, ರೇಡಿಯೋದಲ್ಲಿ ಯಾರೋ ಶುಂಠಿ ಬೆಳೆಯ ರೋಗದ ಬಗ್ಗೆ ಮಾತಾಡುತ್ತಿದ್ದರು. ಅದನ್ನು ಆರಿಸಲು ನನಗೆ ಕೈ ಬರಲಿಲ್ಲ. ಬೇರೆ ಯಾರೋ ಆರಿಸಿದರು.

ತರೀಕೆರೆಯಿಂದ ಬಂದ ಮೇಷ್ಟ್ರ ಅಣ್ಣನ ಮಗ ಒಳ್ಳೆಯವನು. ತಿಥಿ ಮುಗಿದ ಮೇಲೆ ಮನೆಯನ್ನು ಬಾಡಿಗೆಗೆ ಕೇಳುವವರಿದ್ದಾರೆ, ಹಿಂದಿನ ಕೋಣೆ ಖಾಲಿ ಮಾಡಿಕೊಡಿ ಎಂದ. ನಾನೇ ನಿಂತು ಬಿಚ್ಚಿಸಿದೆ. ಚೌಕಟ್ಟುಗಳು ಇಳಿದ ಹಾಗೆ ನಮ್ಮ ಮಾತು ಗುಂಯ್‌ಗುಡತೊಡಗಿತು. ಎಲ್ಲರೂ ದನಿ ತಗ್ಗಿಸಿದೆವು.

ಟೀಚರಿಗೆ ಸುದ್ದಿಯನ್ನು ಮಗಳು ತಿಳಿಸಿದ್ದಳು. ಆದರೂ ಮನಸ್ಸು ತಡೆಯದೆ ಮಳೆ ನಿಂತ ಮೇಲೆ ಕಳಸಕ್ಕೆ ಹೋದೆ. ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದರು. ತುಂಬ ಇಳಿದುಹೋಗಿದ್ದರು. ರೆಕಾರ್ಡಿಂಗುಗಳನ್ನೆಲ್ಲ ಅಳಿಯನ ಕೈಲಿ ಒಂದು ಪೆನ್‌ಡ್ರೈವಿಗೆ ಹಾಕಿಸಿ ತಂದಿದ್ದೆ. ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ದಿಂಬಿನ ಪಕ್ಕ ಇಟ್ಟರು, ಹಾಕಿ ಎನ್ನಲಿಲ್ಲ.

"ನಾನು ಬರೋದು ನಿಂತ ಮೇಲೆ ಆ ಕೋಣೇಲಿ ಒಬ್ರೇ ಕೂರ್ತಿದ್ರಾ?" ಎಂದು ಕೇಳಿದರು. ಅದೇ ಅವರನ್ನು ಇಷ್ಟು ದಿನ ಕೊರೆದಿತ್ತೆಂದು ಮುಖದಲ್ಲೇ ಗೊತ್ತಾಗುತ್ತಿತ್ತು.

"ಭಾನುವಾರ ನಾನು ಹೋಗ್ತಿದ್ದೆ. ಪೇಪರ್ ಓದ್ತಿದ್ದೆ. ಅವರು ಶ್ರುತಿ ಹಿಡೀತಿದ್ರು."

"ಪೇಪರ್ರಾ? ಅದರಲ್ಲಿ ಎಂತದು?"

"ಕಾಫಿ ರೇಟು, ಮಳೆ, ಆನೆ."

ಟೀಚರಿಗೆ ನಗು ಬಂತು. ನಗುತ್ತಲೇ ಸೆರಗು ಮುಖಕ್ಕೆ ಹೋಯಿತು, ಭುಜ ಅಲುಗಿತು. ಮಗಳು ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಟೀಚರು ಮುಖ ಒರೆಸಿಕೊಂಡರು.

"ಇವತ್ತಿನ ಪೇಪರ್ ತಂದಿದ್ದೀರಾ?"

ಬಸ್ಸಿನಲ್ಲಿ ಓದಲು ಕೊಂಡದ್ದು ಚೀಲದಲ್ಲಿತ್ತು. ತೆಗೆದೆ.

"ಓದಿ" ಎಂದು ಅವರು ಕಣ್ಣು ಮುಚ್ಚಿದರು.

ನಾನು ಕಾಫಿ ಧಾರಣೆಯಿಂದ ಶುರುಮಾಡಿದೆ. ಮೆಣಸಿಗೆ ಬರುವಷ್ಟರಲ್ಲಿ ಟೀಚರು, ಬಾಯಿ ತೆರೆಯದೆ, ತೀರ ಕೆಳಗಿನ ಒಂದು ಸ್ವರವನ್ನು ಹಿಡಿದಿದ್ದರು. ನಾನು ನಿಲ್ಲಿಸದೆ ಓದುತ್ತ ಹೋದೆ.